ಎಡಕ್ಕೆ ಬಾಯಿರೋ ಚಿಪ್ಪು ಬಲಮುರಿ ಶಂಖಾನಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟದಲ್ಲಿ ದರಗಿನ ಅಡಿ ಚಪ್ಪಟೆ ದುಂಡನೆ ಚಿಪ್ಪೊಂದು ಸಿಕ್ತು, ಬಾಯಿ ಎಡಗಡೆ ಇದೆ. ಅತ್ತೆ ಇದು ಬಲಮುರಿ ಶಂಖ, ದೇವರ ಮನೇಲಿಡು ಅಂತಾರೆ. ಪಕ್ಕದಲ್ಲೇ ಕಂದು ಪಟ್ಟೆ ಇರೋ ಉದ್ದ ಚೂಪು ಚಿಪ್ಪುಗಳೂ ಇದ್ವು, ಇದು ಅದರ ಮರಿನಾ?

ಉತ್ತರ: ಇಡೋದು ಬಿಡೋದು ಅತ್ತೆಯವರಿಷ್ಟ, ಆದ್ರೆ ಅದು ಶಂಖ ಅಲ್ಲಮ್ಮ, ಬಸವನಹುಳು ಚಿಪ್ಪು. ಮೊದ್ಲು ಸರಿಯಾಗಿ ಹಿಡ್ದು ನೋಡಿ: ಸುರುಳಿ ತುದಿ ಮೇಲಕ್ಕೆ, ಬಾಯಿ ನಿಮ್ಮ ಮುಖಕ್ಕೆ. ಆಗ್ಲೂ ಬಾಯಿ ಎಡಕ್ಕೇ ಇದ್ರೆ, ಚಿಪ್ಪು ಚಪ್ಪಟೆ ಇದೆ ಅಂತ ಬೇರೆ ಹೇಳ್ತಿದೀರ, ಬಹುಶಃ ಏರಿಯೋಫಾಂಟ ಜಾತಿದು, ಪಶ್ಚಿಮ ಘಟ್ಟದ್ದೇ ಹುಳು. ಸಮುದ್ರದ ಶಂಖದಲ್ಲಿ ಹಿಂಗೆ ಹಿಡ್ದಾಗ ಬಾಯಿ ಎಡಕ್ಕಿರೋದು ತೀರಾ ಅಪರೂಪ, ಬಲಮುರಿ ಅನ್ನೋದು ಅದನ್ನೇ, ಅದಕ್ಕೇ ಅದಕ್ಕೆ ಆ ರೇಟು. ಇಲ್ಲಿ ಹಂಗಲ್ಲ, ಇವುಗಳ ವಂಶಾನೇ ಎಡ. ಸುರುಳಿ ಯಾವ ಕಡೆ ಅನ್ನೋದು ತಾಯಿಯ ಜೀನ್ ಮೇಲೆ ಹೋಗುತ್ತೆ, ಮತ್ತೆ ಎಡದ್ದಕ್ಕೂ ಬಲದ್ದಕ್ಕೂ ಕೂಡೋಕೆ ಕಷ್ಟ ಆಗೋದ್ರಿಂದ ಒಂದು ಜಾತೀಲಿ ಸಾಮಾನ್ಯವಾಗಿ ಎಲ್ಲಾ ಒಂದೇ ಕಡೆ ಇರ್ತವೆ.

ಮರಿ ಅನ್ನೋದಂತೂ ಸಾಧ್ಯಾನೇ ಇಲ್ಲ. ಬಸವನಹುಳು ಮೊಟ್ಟೆಯಿಂದ ಬರೋವಾಗ್ಲೇ ಚಿಪ್ಪು ಹೊತ್ಕೊಂಡು ಬರುತ್ತೆ, ಸುರುಳಿಯ ತುದೀಲಿರೋ ಪುಟ್ಟ ಗುಬ್ಬೇನೇ ಅದರ ಮೊದಲ ಚಿಪ್ಪು, ಆಮೇಲೆ ಬಾಯಿ ಅಂಚಿಗೆ ಸುಣ್ಣ ಸೇರಿಸ್ಕೊಂಡು ಸುತ್ತು ಬೆಳೆಸುತ್ತೆ ಅಷ್ಟೇ, ಎಡದ್ದು ಬೆಳೀತಾ ಬಲಕ್ಕೆ ತಿರುಗಲ್ಲ.

ಆ ಉದ್ದ ಚೂಪಿನವು ಆಫ್ರಿಕನ್ ಬಸವನಹುಳು ಇರಬೇಕು, ಅವುಗಳ ಬಾಯಿ ಬಲಕ್ಕಿರುತ್ತೆ ನೋಡಿ. 1847ರಲ್ಲಿ ಬೆನ್ಸನ್ ಅನ್ನೋ ಬ್ರಿಟಿಷ್ ಸಾಹೇಬ ಮಾರಿಷಸ್‌ನಿಂದ ತಂದಿದ್ದು ಕಲ್ಕತ್ತಾದ ತೋಟ ಸೇರ್ತು, ಈಗ ಕೊಡಗಿನ ಶನಿವಾರಸಂತೆ ಕಡೆ ಕಾಫಿ ತೋಟದವ್ರು ಅದರ ಕೈಲಿ ಸಾಕಾಗಿದಾರೆ. ಯಾವುದೇ ಚಿಪ್ಪು ಬಣ್ಣ ಹೋಗಿ ಬೆಳ್ಳಗಾಗಿದ್ರೆ ಹುಳು ಸತ್ತು ತುಂಬಾ ದಿನ ಆಗಿ ಮೇಲಿನ ಸಿಪ್ಪೆ ಎದ್ದುಹೋಗಿದೆ ಅಂತ, ಬಾಯಿಗೆ ಬಿಳಿ ಪೊರೆ ಇದ್ರೆ ಮಾತ್ರ ಹುಷಾರು, ಖಾಲಿ ಅನ್ಕೋಬೇಡಿ, ಒಳಗೆ ಹುಳು ಬೇಸಿಗೆ ಕಳೀತಾ ಮಲಗಿರುತ್ತೆ. ಜೀವ ಇರೋದನ್ನ ಬರಿಗೈಲಿ ಮುಟ್ಬೇಡಿ, ಇಲಿಯಿಂದ ಬರೋ ಒಂಥರಾ ಜಂತು ಇದರಲ್ಲಿರಬಹುದು, ಅದು ಮನುಷ್ಯರ ಮೆದುಳಿನ ತನಕ ಹೋಗುತ್ತೆ. ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳ ಕೈ ಸೋಪಲ್ಲಿ ತೊಳೆಸಿ.

ಎಡದ ಚಿಪ್ಪಿನ ಜಾತಿ ಇನ್ನೂ ಖಚಿತ ಆಗ್ಬೇಕಂದ್ರೆ ಮೂರು ಫೋಟೋ ಕಳ್ಸಿ: ಬಾಯಿ ಎದುರಿಂದ, ತುದಿ ಮೇಲಿಂದ, ಅಡಿ ನಡುವಿರೋ ಹೊಕ್ಕಳ ತೂತು ಕಾಣೋ ಹಾಗೆ ಕೆಳಗಿಂದ. ಪಕ್ಕದಲ್ಲಿ ಒಂದ್ರೂಪಾಯಿ ನಾಣ್ಯ ಇಡಿ, ಸೈಜ್ ಗೊತ್ತಾಗುತ್ತೆ.