ಗಂಜಿ ತಿಳಿಗೆ ಬಣ್ಣ ಬಾರದ ದಿನ

"ಕೇರಳದಲ್ಲಿ ಕೂತು ಕನ್ನಡದಲ್ಲಿ ವಿಜ್ಞಾನ ಯಾಕೆ ಮಾರಾಯ, ಇಂಗ್ಲಿಷಿನಲ್ಲೇ ಕಲಿಸಬಹುದಲ್ವಾ?" ಎಂದು ನೀನು ಕೇಳಿದೆ. ಒಮ್ಮೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಬಂದು ನೋಡು. ನಾವು ಕೇರಳಕ್ಕೆ ಹೋಗಿ ಕೂತವರಲ್ಲ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲೂಕು. ನವೆಂಬರ್ 1ಕ್ಕೆ ಗಡಿ ಸರಿಯಿತು, ನಮ್ಮ ಕನ್ನಡ ಶಾಲೆಗಳು ಇದ್ದಲ್ಲೇ ಇದ್ದವು. ಸಿಲಬಸ್ ಕೇರಳದ್ದು, ಪುಸ್ತಕ ಕನ್ನಡದಲ್ಲಿ. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಮಾತಾಡುತ್ತಾರೆ. ಅದು ನಮಗೆ ತೊಂದರೆಯೇ ಅಲ್ಲ.

ತೊಂದರೆ ಇರುವುದು ಒಂದು ಪದದಲ್ಲಿ. ಪ್ರಯೋಗದ ವರದಿಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ ಎಲ್ಲ ಸಲೀಸು. ಆಮೇಲೆ ಬರುತ್ತದೆ 'ನಿರೀಕ್ಷಣೆ'. ಮಲಯಾಳದ 'ನಿರೀಕ್ಷಣಂ' ಅಂದರೆ ಗಮನಿಸಿ ನೋಡಿದ್ದು. ನಮಗೆ ವರ್ಕ್‌ಶೀಟ್ ಬರುವುದು ಜಾಸ್ತಿ ಮಲಯಾಳದಲ್ಲೇ. ಅವಸರದಲ್ಲಿ ಕನ್ನಡ ಮಾಡಿದವರು ಆ ಪದವನ್ನು ಹಾಗೇ ಬಿಟ್ಟಿರುತ್ತಾರೆ. ನಮ್ಮ ಮಗುವಿಗೆ ನಿರೀಕ್ಷೆ ಅಂದರೆ ಹೀಗಾಗುತ್ತದೆ ಅಂತ ಕಾಯುವುದು. ಹಾಗಾಗಿ ಏನಾಗಬೇಕಿತ್ತೋ ಅದನ್ನೇ ಬರೆದುಬಿಡುತ್ತದೆ.

ಕಳೆದ ವರ್ಷ ಪಿಷ್ಟದ ಪರೀಕ್ಷೆ ಮಾಡಿದೆವು. ಪಿಷ್ಟ ಇದ್ದರೆ ಅಯೋಡಿನ್ ಹಾಕಿದಾಗ ಕಡುನೀಲಿ ಬರಬೇಕು. ಮಧ್ಯಾಹ್ನದೂಟದ ಅಡುಗೆಯಮ್ಮ ಒಲೆಯಿಂದ ಆಗಷ್ಟೇ ಇಳಿಸಿದ ಗಂಜಿ ತಿಳಿ ಕೊಟ್ಟರು. ಅಯೋಡಿನ್ ಹನಿ ಹಾಕಿದರೆ ಬಣ್ಣವೇ ಬರಲಿಲ್ಲ. ಆದರೂ ಹಾಳೆ ತುಂಬ "ಕಡುನೀಲಿ ಬಂತು". ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಮಾತ್ರ "ಬಣ್ಣ ಬರಲಿಲ್ಲ" ಎಂದು ಬರೆದು, ರಬ್ಬರ್ ಹಿಡಿದು ಅಕ್ಕಪಕ್ಕ ನೋಡುತ್ತಿದ್ದಳು. ಅಳಿಸಬೇಡ ಮಗಾ ಎಂದೆ. ಟೆಸ್ಟ್‌ಟ್ಯೂಬನ್ನು ತಣ್ಣೀರಿನಲ್ಲಿ ಇಟ್ಟೆವು. ತಣಿಯುತ್ತಾ ಬಂದಂತೆ ನೀಲಿ ಮೆಲ್ಲಗೆ ಏರಿತು. ಬಿಸಿಯಲ್ಲಿ ಪಿಷ್ಟಕ್ಕೆ ಅಯೋಡಿನ್ನನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ತಣಿದಾಗ ಹಿಡಿಯುತ್ತದೆ. ಅವಳು ಆ ಸಾಲು ಬರೆಯದಿದ್ದರೆ ಈ ಮಾತೇ ಕ್ಲಾಸಿನಲ್ಲಿ ಏಳುತ್ತಿರಲಿಲ್ಲ.

ಈಗ 'ನಿರೀಕ್ಷಣೆ' ಎಂಬ ಪದ ಹೊಡೆದುಹಾಕಿಸಿ 'ಕಂಡದ್ದು' ಎಂದು ಬರೆಸುತ್ತೇನೆ. ಅದರ ಕೆಳಗೆ 'ಅದರಿಂದ ತಿಳಿದದ್ದು'. "ತೂಯಿನಿ ಅಲ್ವಾ ಮಾಸ್ಟ್ರೇ?" ಎಂದು ತುಳು ಮನೆಯ ಹುಡುಗ ಕೇಳಿದ. ಹೌದು, ಅದೇ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕನ್ನಡ ಬಾರದ ಮಾಸ್ಟ್ರನ್ನು ಕನ್ನಡ ಕ್ಲಾಸಿಗೆ ಹಾಕಿದಾಗಲೆಲ್ಲ ಇಲ್ಲಿಯ ಅಪ್ಪ ಅಮ್ಮಂದಿರು ಶಾಲೆಯ ಗೇಟಿನಲ್ಲಿ ಪ್ರತಿಭಟನೆಗೆ ನಿಲ್ಲುವುದು ಸುಮ್ನೆ ಅಲ್ಲ ಮಾರಾಯ. "ಬಣ್ಣ ಬರಲಿಲ್ಲ" ಎಂದು ಆ ಮಗು ಬರೆದಾಗ ಅದನ್ನು ಓದಿ, ಅಳಿಸಬೇಡ ಎನ್ನಲು ಒಬ್ಬರಾದರೂ ಇರಬೇಕಲ್ವಾ?