ಮುಂದಿನ ಸಾಲಲ್ಲಿ ಕೂರಿಸಿದರು, ಆಮೇಲೆ ಕರೆಯಲೇ ಇಲ್ಲ

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟ ಈ 47ರ ಮಹಿಳೆ, ಪಕ್ಕದ ಮನೆಯವರ ಜೊತೆ ಸೀರಿಯಲ್ ಶೂಟಿಂಗಿಗೆ ಜೂನಿಯರ್ ಆರ್ಟಿಸ್ಟ್ ಆಗಿ, ಅಂದರೆ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಸಹಕಲಾವಿದೆಯಾಗಿ ಹೋಗುತ್ತಿದ್ದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ನಿದ್ದೆ ಬರುತ್ತಿಲ್ಲವೆಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. ಕಾರಣ ಬೇರೆಯೇ ಇತ್ತು.

ಒಂದು ಮದುವೆ ಸೀನಿನಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹತ್ತಿರದಿಂದ ಮುಖ ತೋರಿಸಿದ್ದರು. ಬೆಳಗಿನಿಂದ ಸಂಜೆವರೆಗೆ ಮತ್ತೆ ಮತ್ತೆ ಅಕ್ಷತೆ ಹಾಕಿದ್ದು, ಬೆವರಿದ ಅದೇ ಸೀರೆಯನ್ನು ಕಂಟಿನ್ಯೂಟಿಗೆಂದು (ತೆರೆಯ ಮೇಲೆ ಎಲ್ಲ ಒಂದೇ ದಿನದ್ದಾಗಿ ಕಾಣಲೆಂದು) ಮರುದಿನವೂ ಉಟ್ಟದ್ದು, ಎಲ್ಲವನ್ನೂ ಸಂಭ್ರಮದಿಂದ ಹೇಳಿಕೊಂಡರು. ಆಮೇಲೆ ಆ ಸೀರಿಯಲ್‌ನಿಂದ ಫೋನೇ ಬರಲಿಲ್ಲ. "ನಾನೇನು ತಪ್ಪು ಮಾಡ್ದೆ ಮೇಡಂ?" ಎಂಬುದೇ ಕೊರಗು. ಎಂಟು ಸಾವಿರ ಕೊಟ್ಟರೆ ಕಲಾವಿದರ ಸಂಘದ ಸದಸ್ಯತ್ವದ ಕಾರ್ಡ್ ಮಾಡಿಸಿ, ಡೈಲಾಗ್ ಇರುವ ಪಾತ್ರ ಕೊಡಿಸುವುದಾಗಿ ಏಜೆಂಟ್ ಒಬ್ಬ ಹೇಳಿದ್ದ. ಅದಕ್ಕೆ ಕಿವಿಯೋಲೆ ಅಡವಿಡಲು ಹೊರಟಿದ್ದರು. ಮಗನಿಗೋ, ಅಮ್ಮ ಗುಂಪಿನಲ್ಲಿ ನಿಲ್ಲುವುದೇ ಅವಮಾನ.

ನಾನು ಮೊದಲು ಹೇಳಿದ್ದು ಇಷ್ಟು: ನಿಮ್ಮದೇನೂ ತಪ್ಪಿಲ್ಲ. ಮುಖ ಒಮ್ಮೆ ಎದ್ದುಕಂಡರೆ ಆ ಸೀರಿಯಲ್‌ಗೆ ಸ್ವಲ್ಪ ಕಾಲ ಕರೆಯದಿರುವುದು ಈ ಕೆಲಸದ ರೀತಿ. ಮದುವೆಗೆ ಬಂದ ನೆಂಟರು ಮರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ನೋಡುವವರು ಗುರುತು ಹಿಡಿಯುತ್ತಾರೆ. ಇದನ್ನು ಕೇಳಿ ಅವರು ಅತ್ತುಬಿಟ್ಟರು.

ದುಡ್ಡಿನ ವಿಷಯದಲ್ಲಿ ಖಡಕ್ಕಾಗಿಯೇ ಹೇಳಿದೆ. ಇದು ದಿನಗೂಲಿ, ದುಡ್ಡು ನಿಮ್ಮ ಕೈಗೆ ಬರಬೇಕೇ ಹೊರತು ನಿಮ್ಮ ಕೈಯಿಂದ ಹೋಗಬಾರದು. ಕಾರ್ಡ್ ಬೇಕಿದ್ದರೆ ಸಹಕಲಾವಿದರ ಸಂಘದ ಕಚೇರಿಗೇ ಹೋಗಿ ಶುಲ್ಕ ವಿಚಾರಿಸಿ, ರಸೀದಿ ಪಡೆಯಿರಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೊರಡುವ ಮೊದಲೇ ಜಾಗ ಯಾವುದು, ಬಾಟಾ (ಊಟ-ಓಡಾಟದ ಭತ್ಯೆ) ಉಂಟೇ, ಕಮಿಷನ್ ಕಳೆದು ಕೈಗೆಷ್ಟು, ಯಾವತ್ತು ಸಿಗುತ್ತದೆ, ರಾತ್ರಿಯಾದರೆ ಮನೆಗೆ ಬಿಡುವವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸೆಟ್ಟಿನಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದಿನಗೂಲಿಯವರಿಗೂ ಅನ್ವಯಿಸುತ್ತದೆ. ಅದೇ ಕಾಯ್ದೆಯಡಿ ಇರುವ ಜಿಲ್ಲೆಯ ಸ್ಥಳೀಯ ಸಮಿತಿಗೂ ದೂರು ಕೊಡಬಹುದು.

ಮಗನನ್ನೂ ಕರೆಸಿದೆ. ಅವನ ಕಾಲೇಜ್ ಫೀಸಿಗೆ ಈ ಕೂಲಿಯೂ ಸೇರಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಮಾತಾಡದೆ ಎದ್ದು ಹೋದ.

ಓಲೆ ಅಡವಿಗೆ ಹೋಗಲಿಲ್ಲ. ಈಗ ಅವರು ಟೈಲರ್ ಅಂಗಡಿಯಲ್ಲಿ ಫಾಲ್ ಹೊಲಿಯುತ್ತಾರೆ, ಕರೆ ಬಂದ ದಿನ ಶೂಟಿಂಗಿಗೆ ಹೋಗುತ್ತಾರೆ. ನಿದ್ದೆ ಸುಧಾರಿಸಿದೆ. ಮಗನ ಜೊತೆ ಇನ್ನೊಮ್ಮೆ ಕೂತು ಮಾತಾಡಬೇಕಿದೆ.