ಕನ್ಸೋಲ್‌ನಲ್ಲಿ ಅಳಿಯದೆ ಉಳಿಯುವ ಅಕ್ಷರಗಳು

ಪ್ರಶ್ನೆ: ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಮಾಡಿದ ಮೇಲೆ ಟೆಕ್ಸ್ಟ್ ಕನ್ಸೋಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಪರದೆಯಲ್ಲಿ, ಸಾಲುಗಳು ಮೇಲೆ ಸರಿದಾಗ ಹಳೆಯ ಅಕ್ಷರಗಳ ಚೂರುಗಳು ಉಳಿದುಬಿಡುತ್ತವೆ. ಕಂಟ್ರೋಲ್-ಆಲ್ಟ್-ಎಫ್2 ಒತ್ತಿ ಬೇರೆ ಕನ್ಸೋಲ್‌ಗೆ ಹೋಗಿ ವಾಪಸ್ ಬಂದರೆ ಸರಿಯಾಗುತ್ತದೆ. ಹಿಂದಿನ ಕರ್ನಲ್‌ನಲ್ಲಿ ಈ ಕಾಟವಿಲ್ಲ. ಮೇಲೆ ಸರಿದುಹೋದ ಸಾಲುಗಳನ್ನು ಮತ್ತೆ ತೋರಿಸಬೇಕಾದ ಶಿಫ್ಟ್-ಪೇಜ್‌ಅಪ್ ಕೂಡ ಕೆಲಸ ಮಾಡುವುದಿಲ್ಲ. ನನಗೆ ಸಿ ಭಾಷೆ ಗೊತ್ತು, ನಾನೇ ಸರಿಪಡಿಸಬೇಕೆಂದಿದ್ದೇನೆ. ಯಾವ ಫೈಲ್‌ನಿಂದ ಶುರು ಮಾಡಲಿ?

ಉತ್ತರ: ಫೈಲ್ ತೆರೆಯುವ ಅವಸರ ಬೇಡ. ಹೋಗಿ ಬಂದರೆ ಸರಿಯಾಗುತ್ತದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಪರದೆಯಲ್ಲಿ ಏನಿರಬೇಕು ಎಂಬ ಲೆಕ್ಕ, ಕರ್ನಲ್‌ನಲ್ಲಿ ಕನ್ಸೋಲ್‌ಗಳನ್ನು ನೋಡಿಕೊಳ್ಳುವ ವಿಟಿ (ವರ್ಚುವಲ್ ಟರ್ಮಿನಲ್) ಪದರದ ಬಫರ್‌ನಲ್ಲಿ, ಅಂದರೆ ಮೆಮೊರಿಯ ಒಂದು ತುಣುಕಿನಲ್ಲಿರುತ್ತದೆ. ಒಂದೊಂದು ಅಕ್ಷರಕ್ಕೂ 2 ಬೈಟ್: ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ. ಅದನ್ನು ಓದಿ ಪಿಕ್ಸೆಲ್‌ಗಳಾಗಿ ಬಿಡಿಸುವುದು ಕರ್ನಲ್‌ನ ಎಫ್‌ಬಿಕಾನ್ (fbcon) ಎಂಬ ಭಾಗ, ಅದರ ಕೆಳಗೆ ಗ್ರಾಫಿಕ್ಸ್ ಡ್ರೈವರ್. ಈ ಮೂರರಲ್ಲಿ ತಪ್ಪು ಯಾರದು ಎಂದು ಮೊದಲು ಗೊತ್ತಾಗಬೇಕು. ಪರದೆ ಕೆಟ್ಟಿರುವಾಗಲೇ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಒಳಹೊಕ್ಕು, ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಡೆವ್ ಡೈರೆಕ್ಟರಿಯ ವಿಸಿಎಸ್1 ಫೈಲ್ (/dev/vcs1) ಓದಿ. ಅದು ಮೊದಲನೇ ಕನ್ಸೋಲಿನ ಬಫರ್. ಸಾಲು ಮುರಿಯುವ ಗುರುತು ಅದರಲ್ಲಿಲ್ಲ, ಹಾಗಾಗಿ ಸಾಲುಗಳಾಗಿ ಮುರಿಯುವ ಫೋಲ್ಡ್ ಕಮಾಂಡ್‌ಗೆ ಕನ್ಸೋಲಿನ ಅಗಲ ಕೊಟ್ಟು ನೋಡಿ. ಚೂರುಗಳು ಅಲ್ಲೂ ಕಂಡರೆ ತಪ್ಪು ವಿಟಿ ಪದರದ್ದು. ನಿಮ್ಮ ಲಕ್ಷಣ ನೋಡಿದರೆ ಅಲ್ಲಿ ಎಲ್ಲ ಸರಿಯಿರುತ್ತದೆ, ಕೆಟ್ಟಿರುವುದು ಬಿಡಿಸುವ ಕೆಲಸ.

ಎಫ್‌ಬಿಕಾನ್‌ನ ಒಂದು ಜಾಣತನ ಇಲ್ಲಿ ತಿಳಿದಿರಲಿ. ಸಾಲು ಸರಿಸುವಾಗ ಅದು ಹೊಸ ಅಕ್ಷರವನ್ನು ಅದೇ ಜಾಗದ ಹಳೆಯದರ ಜೊತೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಬಿಡಿಸದೆ ಮುಂದೆ ಹೋಗಬಲ್ಲದು. ಹೋಲಿಸುವುದು ಬಫರ್ ಜೊತೆ, ಪರದೆಯ ಜೊತೆಯಲ್ಲ. ಹಿಂದೊಮ್ಮೆ ಪಿಕ್ಸೆಲ್ ತಪ್ಪಾಗಿ ಬಿದ್ದಿದ್ದರೆ ಅದು ಹಾಗೇ ಕೂತಿರುತ್ತದೆ. ಕನ್ಸೋಲ್ ಬದಲಿಸಿದಾಗ ಇಡೀ ಪರದೆ ಹೊಸದಾಗಿ ಬರೆಯಲ್ಪಡುವುದರಿಂದ ಮಾಯವಾಗುತ್ತದೆ. ಹಾಗೆಂದು ಪ್ರತಿ ಸಲ ಇಡೀ ಪರದೆ ಬಿಡಿಸುವಂತೆ ತಿದ್ದಿದರೆ ಅದು ದುರಸ್ತಿಯಲ್ಲ, ತೇಪೆ. ಕನ್ಸೋಲ್ ನಿಧಾನವಾಗುತ್ತದೆ, ಮೂಲ ದೋಷ ಅಡಗಿಕೊಳ್ಳುತ್ತದೆ. ಇಂಥ ಪ್ಯಾಚ್ (ಕೋಡ್ ತಿದ್ದುಪಡಿ) ಅನ್ನು ಮೇಂಟೇನರ್‌ಗಳು, ಅಂದರೆ ಆ ಕೋಡ್ ನೋಡಿಕೊಳ್ಳುವವರು, ಒಪ್ಪುವುದೂ ಕಷ್ಟ.

ಬೂಟ್ ಮಾಡುವಾಗ ಕರ್ನಲ್‌ಗೆ ನೋಮೋಡ್‌ಸೆಟ್ ಆಯ್ಕೆ ಕೊಟ್ಟು ನೋಡಿ; ಆಗ ಸಾಮಾನ್ಯವಾಗಿ ನಿಮ್ಮ ಗ್ರಾಫಿಕ್ಸ್ ಡ್ರೈವರ್ ಕೆಲಸಕ್ಕೆ ಬರುವುದಿಲ್ಲ. ದೋಷ ಕಾಣದಿದ್ದರೆ ಅನುಮಾನ ಡ್ರೈವರ್ ಕಡೆ ವಾಲುತ್ತದೆ, ಆದರೆ ಅದೊಂದೇ ಸಾಕ್ಷಿ ಸಾಲದು. ಹಳೆಯ ಕರ್ನಲ್ ಸರಿಯಿದ್ದುದು ನಿಮ್ಮ ಅದೃಷ್ಟ: ಗಿಟ್ ಬೈಸೆಕ್ಟ್ ಮಾಡಿ, ಅಂದರೆ ಸರಿಯಿದ್ದ ಮತ್ತು ಕೆಟ್ಟ ಆವೃತ್ತಿಗಳ ನಡುವಿನ ಕಮಿಟ್‌ಗಳನ್ನು (ದಾಖಲಾದ ಕೋಡ್ ಬದಲಾವಣೆಗಳನ್ನು) ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹುಡುಕಿ. ನಡುವೆ 16,000 ಕಮಿಟ್‌ಗಳಿದ್ದರೂ ಸುಮಾರು 14 ಸಲ ಬಿಲ್ಡ್ ಮಾಡಿದರೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಸಿಕ್ಕಿದ್ದನ್ನು ಹೊಸ ಕರ್ನಲ್‌ನಲ್ಲಿ ರಿವರ್ಟ್ ಮಾಡಿ (ಆ ಬದಲಾವಣೆಯನ್ನು ವಾಪಸ್ ತೆಗೆದು), ದೋಷ ನಿಜಕ್ಕೂ ಹೋಯಿತೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಕೋಡ್‌ಗೆ ಕೈ ಹಾಕಿ. ಪ್ಯಾಚ್‌ನ ವಿವರಣೆಯಲ್ಲಿ ಫಿಕ್ಸಸ್ ಸಾಲು ಹಾಕಿ, ಆ ಕಮಿಟ್‌ನ ಗುರುತಿನ ಸಂಖ್ಯೆಯಾದ ಹ್ಯಾಶ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ ಕೊಡಿ. ಪ್ಯಾಚ್‌ನ ಶೈಲಿ ತಪ್ಪುಗಳನ್ನು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಯಾರಿಗೆ ಕಳಿಸಬೇಕೆಂದು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ಶಿಫ್ಟ್-ಪೇಜ್‌ಅಪ್ ವಿಷಯ ಬೇರೆ. ಹಿಂದಿನ ಸಾಲುಗಳನ್ನು ತೋರಿಸುವ ಕನ್ಸೋಲಿನ ಆ ಸ್ಕ್ರೋಲ್‌ಬ್ಯಾಕ್ ಕೋಡ್‌ನಲ್ಲಿ ಭದ್ರತಾ ಲೋಪ ಸಿಕ್ಕಿತ್ತು, ನೋಡಿಕೊಳ್ಳುವವರೂ ಇರಲಿಲ್ಲ. 2020ರಲ್ಲಿ 5.9 ಕರ್ನಲ್ ಹೊತ್ತಿಗೆ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಅದನ್ನು ಕಿತ್ತುಹಾಕಿದರು. ಅದಕ್ಕಾಗಿ ಬೈಸೆಕ್ಟ್ ಮಾಡಬೇಡಿ. ಹಿಂದಿನ ಸಾಲುಗಳು ಬೇಕಿದ್ದರೆ ಟಿಮಕ್ಸ್ (tmux) ಬಳಸಿ, ಅದು ಸರಿದುಹೋದ ಸಾಲುಗಳನ್ನು ತಾನೇ ಇಟ್ಟುಕೊಳ್ಳುವ ಪ್ರೋಗ್ರಾಂ.